ಕಾರಿನ ಕೆಲಸ ನಾವೇ ಮಾಡಿಕೊಳ್ಳಲು ಮೊದಲು ಯಾವ ಟೂಲ್ಸ್ ತಗೋಬೇಕು?

ಹೊಸಕೈ:
ಎಲ್ಲರಿಗೂ ನಮಸ್ಕಾರ. ನನ್ನದು ಎಂಟು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಇಷ್ಟು ದಿನ ಸರ್ವಿಸ್‌ಗೆ ಬಿಟ್ಟು ಸುಮ್ನೆ ಇರುತ್ತಿದ್ದೆ. ಹೋದ ತಿಂಗಳು ಸರ್ವಿಸ್ ಮುಗಿಸಿ ತಂದ ಮೇಲೆ ಏನೋ ಅನುಮಾನ ಬಂದು ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿದೆ. ಬಿಲ್ಲಿನಲ್ಲಿ ಹೊಸ ಫಿಲ್ಟರ್ ಅಂತ ಬರೆದಿದೆ, ಒಳಗಿರುವುದು ಹಳೆಯದೇ. ಮಡಿಕೆಗಳ ಸಂದಿಯಲ್ಲಿ ಒಣಗಿದ ಎಲೆ, ಸತ್ತ ಪತಂಗ. ಆ ಡಬ್ಬಿ ತೆಗೆಯಲು ಬೇಕಾದದ್ದು ನಾಲ್ಕು ಕ್ಲಿಪ್ ಬಿಚ್ಚುವುದು, ಎರಡು ನಿಮಿಷ. ಅವತ್ತೇ ತೀರ್ಮಾನ ಮಾಡಿದೆ, ಸಣ್ಣ ಕೆಲಸಗಳನ್ನಾದರೂ ಇನ್ನು ನಾನೇ ಮಾಡಬೇಕು ಅಂತ.

ಈಗ ನನ್ನ ಹತ್ತಿರ ಇರುವುದು ಕಾರಿನ ಜೊತೆ ಬಂದ ಜಾಕ್, ವೀಲ್ ಸ್ಪ್ಯಾನರ್, ಮನೆಯಲ್ಲಿದ್ದ ಒಂದು ಇಕ್ಕಳ, ಎರಡು ಸ್ಕ್ರೂಡ್ರೈವರ್. ಇಂಜಿನ್ ಆಯಿಲ್, ಫಿಲ್ಟರ್‌ಗಳು, ಸ್ಪಾರ್ಕ್ ಪ್ಲಗ್, ಆಮೇಲೆ ಧೈರ್ಯ ಬಂದರೆ ಬ್ರೇಕ್ ಪ್ಯಾಡ್, ಇಷ್ಟು ಕಲಿಯುವ ಆಸೆ. 216 ಪೀಸಿನ ಒಂದು ಟೂಲ್ ಬಾಕ್ಸ್ ನೋಡಿ ಇಟ್ಟಿದ್ದೇನೆ. ಅದನ್ನು ತಗೊಂಡರೆ ಸಾಕಾ? ಬಿಡಿಬಿಡಿಯಾಗಿ ತಗೋಬೇಕಾ? ಮೊದಲು ಯಾವುದು?

ಕರಿಮಸಿ:
ಆ ಸಂಖ್ಯೆ ನೋಡಿ ಮರುಳಾಗಬೇಡಿ. ಕೂತು ಒಂದೊಂದೇ ಎಣಿಸಿ. ಇಂಥ ಬಾಕ್ಸ್‌ಗಳಲ್ಲಿ ಸಂಖ್ಯೆ ಹಿಗ್ಗಿಸುವುದು ಚಿಕ್ಕ ಚಿಕ್ಕ ಬಿಟ್‌ಗಳು, ಅಲೆನ್ ಕೀಗಳು, ಇಂಚಿನ ಅಳತೆಯ ಸಾಕೆಟ್‌ಗಳು. ನಿಮ್ಮ ಕಾರಿನಲ್ಲಿ ಇಂಚಿನ ಬೋಲ್ಟ್ ಸಿಗುವುದೇ ಅಪರೂಪ. ನಾನು ಹನ್ನೆರಡು ವರ್ಷದಲ್ಲಿ ಮೂರು ಕಾರುಗಳ ಕೆಲಸ ಮಾಡಿದ್ದೇನೆ. ಪದೇ ಪದೇ ಕೈಗೆ ಬಂದದ್ದು 8, 10, 12, 13, 14, 17, 19 ಎಂಎಂ. ಜಪಾನಿ ಕಾರಾದರೆ 10, 12, 14, 17 ಜಾಸ್ತಿ. ಯೂರೋಪಿನದ್ದಾದರೆ 10, 13, 16, 18 ಜಾಸ್ತಿ, ಜೊತೆಗೆ ನಕ್ಷತ್ರದ ಆಕಾರದ ಟಾರ್ಕ್ಸ್ ಸ್ಕ್ರೂಗಳು ಎಲ್ಲ ಕಡೆ.

3/8 ಇಂಚಿನ ಒಂದು ರಾಚೆಟ್ ಹಿಡಿಕೆ (ಈ ಇಂಚು ಸಾಕೆಟ್ ಸಿಕ್ಕಿಸುವ ಚೌಕದ ಅಳತೆ, ಬೋಲ್ಟಿನದ್ದಲ್ಲ), ಮೇಲೆ ಹೇಳಿದ ಎಂಎಂ ಅಳತೆಯ ಸಾಕೆಟ್‌ಗಳು, ಒಂದು ಗಿಡ್ಡ ಒಂದು ಉದ್ದ ಎಕ್ಸ್‌ಟೆನ್ಷನ್, 8ರಿಂದ 19ರವರೆಗೆ ಒಂದು ಸೆಟ್ ಕಾಂಬಿನೇಷನ್ ಸ್ಪ್ಯಾನರ್. ಇಷ್ಟು ಒಳ್ಳೆಯದು ತಗೊಳ್ಳಿ. ಉಳಿದದ್ದನ್ನು ಕೆಲಸ ಬಂದಾಗ ನೋಡಿಕೊಂಡರಾಯಿತು.

ಗಾಲಿಗೆಳತಿ:
ಮೊದಲು ಜಾಕ್ ಸ್ಟ್ಯಾಂಡ್. ಉಳಿದದ್ದೆಲ್ಲ ಆಮೇಲೆ.

ಹಳೇಇಂಜಿನ್:
ಗಾಲಿಗೆಳತಿ ಒಂದೇ ಸಾಲಿನಲ್ಲಿ ಹೇಳಿದ್ದನ್ನು ನಾನು ಸ್ವಲ್ಪ ಉದ್ದ ಮಾಡಿ ಹೇಳುತ್ತೇನೆ, ಯಾಕೆಂದರೆ ಇದು ಜೀವದ ಮಾತು.

ಕಾರಿನ ಜೊತೆ ಬರುವ ಕತ್ತರಿ ಜಾಕ್ ಟೈರ್ ಬದಲಿಸಲು ಮಾತ್ರ. ಅದರ ತಳ ಅಂಗೈಯಗಲ. ಕಾರು ಸ್ವಲ್ಪ ಅಲುಗಿದರೂ ವಾಲುತ್ತದೆ. ನಾಲ್ಕು ವರ್ಷದ ಹಿಂದೆ ನಾನು ಗಾಲಿಯಿರುವ ಹೈಡ್ರಾಲಿಕ್ ಟ್ರಾಲಿ ಜಾಕ್ ಕೊಟ್ಟು ಕಾರನ್ನು ಎತ್ತಿ, ಸ್ಟ್ಯಾಂಡ್ ಇಡದೆ, "ಒಂದೇ ನಿಮಿಷದ ಕೆಲಸ" ಅಂತ ಕೆಳಗೆ ಕೈ ಹಾಕಿದ್ದೆ. ಬಿಚ್ಚಿದ ಟೈರನ್ನು ಮಾತ್ರ ಅಭ್ಯಾಸಬಲದಿಂದ ಬಾಗಿಲಿನ ಕೆಳಗಿನ ಅಂಚಿನ (ಸಿಲ್) ಅಡಿಗೆ ಮಲಗಿಸಿ ತಳ್ಳಿದ್ದೆ. ಜಾಕಿನ ಸೀಲ್ ಹೋಗಿತ್ತು ಅನ್ನಿಸುತ್ತದೆ. ಸದ್ದೇ ಇಲ್ಲ. ಕಾರು ನಿಧಾನವಾಗಿ ಇಳಿಯುತ್ತಾ ಬಂತು. ಮೊದಲು ಗೊತ್ತಾಗಿದ್ದು ಬೆಳಕು ಕಮ್ಮಿ ಆದಾಗ, ಮೊಣಕೈಯ ಹತ್ತಿರದ ಸಂದು ಕಿರಿದಾಗುತ್ತಿತ್ತು. ಕೈ ಎಳೆದುಕೊಂಡೆ. ಕಾರು ಆ ಟೈರಿನ ಮೇಲೆ ಕೂತು ನಿಂತಿತು. ಟೈರ್ ಇಲ್ಲದಿದ್ದರೆ ಬ್ರೇಕ್ ಡಿಸ್ಕೇ ನೆಲಕ್ಕೆ ಬರುತ್ತಿತ್ತು.

ಅವತ್ತಿನಿಂದ ನನ್ನ ಕ್ರಮ ಹೀಗೆ. ಸಮತಟ್ಟಾದ ಗಟ್ಟಿ ನೆಲ. ಹ್ಯಾಂಡ್ ಬ್ರೇಕ್, ಗೇರ್. ನೆಲದಲ್ಲೇ ಉಳಿಯುವ ಟೈರುಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ. ಮ್ಯಾನ್ಯುಯಲ್‌ನಲ್ಲಿ ತೋರಿಸಿರುವ ಜಾಗದಲ್ಲೇ ಜಾಕ್. ಎರಡು ಸ್ಟ್ಯಾಂಡ್, ಅವುಗಳ ಮೇಲೆ ಕಾರಿನ ಭಾರ ಇಳಿಸುವುದು, ಆಮೇಲೆ ಕಾರನ್ನು ಕೈಯಿಂದ ಜೋರಾಗಿ ಅಲುಗಾಡಿಸಿ ನೋಡುವುದು. ಬೀಳುವುದಾದರೆ ನಾನು ಹೊರಗಿರುವಾಗಲೇ ಬೀಳಲಿ. ಬಿಚ್ಚಿದ ಟೈರು ಕೆಳಗೆ. ಇದೆಲ್ಲ ಆದ ಮೇಲೆ ಮೈ ಒಳಗೆ.

ತಂತಿಬೇಲಿ:
ಸ್ಟ್ಯಾಂಡ್ ಬದಲು ಸಿಮೆಂಟ್ ಇಟ್ಟಿಗೆ ಇಟ್ಟು ಎಷ್ಟೋ ಜನ ಮಾಡುತ್ತಾರಲ್ಲ? ನಮ್ಮ ಮಾವ ಇಪ್ಪತ್ತು ವರ್ಷ ಹಾಗೇ ಮಾಡಿದರು.

ಹಳೇಇಂಜಿನ್:
ಬೇಡ ಮಾರಾಯರೇ. ಟೊಳ್ಳು ಸಿಮೆಂಟ್ ಇಟ್ಟಿಗೆ ಹರಡಿದ ಭಾರ ತಡೆಯುತ್ತದೆ, ಒಂದೇ ಬಿಂದುವಿನ ಮೇಲೆ ಬಿದ್ದ ಭಾರ ತಡೆಯುವುದಿಲ್ಲ. ಕಬ್ಬಿಣ ಮುರಿಯುವ ಮುಂಚೆ ಬಗ್ಗಿ ಒಂದು ಸೂಚನೆ ಕೊಡುತ್ತದೆ. ಇಟ್ಟಿಗೆ ಸೂಚನೆ ಕೊಡದೆ ಒಮ್ಮೆಲೇ ಪುಡಿಯಾಗುತ್ತದೆ. ನಿಮ್ಮ ಮಾವನವರಿಗೆ ಏನೂ ಆಗಲಿಲ್ಲ ಅನ್ನುವುದು ಸಂತೋಷ. ಆದರೂ ನೀವು ಮಾಡಬೇಡಿ.

ನೀಲಿಕಾರು:
ಜಾಕ್ ಬೇಡ ಅನ್ನುವವರಿಗೆ ರ‍್ಯಾಂಪ್ ಇದೆ. ಆಯಿಲ್ ಬದಲಿಸಲು ನನಗೆ ಅದೇ ಇಷ್ಟ. ಮುಂದಿನ ಎರಡು ಗಾಲಿ ಹತ್ತಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗೆ ಅಡ್ಡ ಇಟ್ಟರೆ ಆಯಿತು. ಟೈರ್ ಬಿಚ್ಚುವ ಕೆಲಸಕ್ಕೆ ಮಾತ್ರ ಆಗುವುದಿಲ್ಲ. ಬಂಪರ್ ತಗ್ಗಾಗಿರುವ ಕಾರಾದರೆ ರ‍್ಯಾಂಪ್ ಮುಂದಿನ ತುಟಿಗೆ ತಾಗುತ್ತದೆ, ಅಳೆದು ತಗೊಳ್ಳಿ.

ಸಂಜೆಪಯಣ:
ಬಾಕ್ಸ್ ಪರವಾಗಿ ಒಬ್ಬರಾದರೂ ಮಾತಾಡಬೇಕಲ್ಲ, ನಾನೇ ಮಾತಾಡುತ್ತೇನೆ. ಆರು ವರ್ಷದ ಹಿಂದೆ ಇಂಥದ್ದೇ ಒಂದು ದೊಡ್ಡ ಬಾಕ್ಸ್ ತಗೊಂಡೆ. ಒಂದೇ ಒಂದು ಸಾಕೆಟ್ ಒಡೆದಿಲ್ಲ. ಬಿಡಿಬಿಡಿಯಾಗಿ ತಗೊಂಡಿದ್ದರೆ ಖರ್ಚು ಜಾಸ್ತಿ ಆಗುತ್ತಿತ್ತು. ಇನ್ನೊಂದು ವಿಷಯ, ಬಾಕ್ಸಿನಲ್ಲಿ ಪ್ರತಿಯೊಂದಕ್ಕೂ ಅದರದೇ ಗುಳಿ ಇರುತ್ತದೆ. ಕೆಲಸ ಮುಗಿದ ಮೇಲೆ ಖಾಲಿ ಗುಳಿ ಕಂಡರೆ ಆ ಸಾಕೆಟ್ ಇನ್ನೂ ಇಂಜಿನ್ ಮೇಲೆಲ್ಲೋ ಇದೆ ಅಂತ ಅರ್ಥ. ಒಮ್ಮೆ ನನ್ನ 10ರ ಸಾಕೆಟ್ ಆಲ್ಟರ್ನೇಟರ್ ಬೆಲ್ಟಿನ ಪಕ್ಕದಲ್ಲೇ ಕೂತಿತ್ತು. ಗುಳಿ ನೋಡಿ ಹುಡುಕಿದ್ದರಿಂದ ಸಿಕ್ಕಿತು. ಹಾಗೇ ಸ್ಟಾರ್ಟ್ ಮಾಡಿದ್ದರೆ ಬೆಲ್ಟ್ ಕಥೆ ಏನಾಗುತ್ತಿತ್ತೋ.

ಕರಿಮಸಿ:
ಗುಳಿಯ ಮಾತು ಒಪ್ಪಿದೆ. ಅದು ನಿಜವಾಗಿ ದೊಡ್ಡ ಅನುಕೂಲ. ನಾನು ಬಿಡಿ ಸಾಕೆಟ್‌ಗಳನ್ನು ಸಾಲಾಗಿ ಸಿಕ್ಕಿಸಿಡುವ ಒಂದು ಪಟ್ಟಿ ಇಟ್ಟುಕೊಂಡಿದ್ದೇನೆ, ಅದೂ ಇದೇ ಕೆಲಸ ಮಾಡುತ್ತದೆ. ಆದರೆ ನಿಮ್ಮ ಬಾಕ್ಸಿನ ಸಾಕೆಟ್ ಆರು ಮೂಲೆಯದ್ದಾ, ಹನ್ನೆರಡು ಮೂಲೆಯದ್ದಾ?

ಸಂಜೆಪಯಣ:
ನೋಡಿ ಬಂದೆ. ಹನ್ನೆರಡು.

ಕರಿಮಸಿ:
ಹಾಗಾದರೆ ತುಕ್ಕು ಹಿಡಿದ ಬೋಲ್ಟ್ ಬಂದಾಗ ಜೋಪಾನ. ಹನ್ನೆರಡು ಮೂಲೆಯದ್ದು ಬೋಲ್ಟ್ ತಲೆಯನ್ನು ಅಂಚಿನ ಹತ್ತಿರ ಹಿಡಿಯುತ್ತದೆ. ಆರು ಮೂಲೆಯದ್ದು ಚಪ್ಪಟೆ ಬದಿಯನ್ನು ತಬ್ಬಿ ಹಿಡಿಯುತ್ತದೆ. ಬೋಲ್ಟ್ ಹೊಸದಿದ್ದಾಗ ಎರಡೂ ಒಂದೇ. ನನ್ನ ಎರಡನೇ ಕಾರಿನ ಹಿಂದಿನ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಬೋಲ್ಟ್ ತೆಗೆಯುವಾಗ ಏನಾಯಿತು ಹೇಳುತ್ತೇನೆ. ಸಾಕೆಟ್ ಕೂರಿಸಿ ಎಳೆದೆ, ಟಕ್ ಅಂತ ಜಾರಿತು. ಮತ್ತೆ ಎಳೆದೆ, ಮತ್ತೆ ಜಾರಿತು. ತೆಗೆದು ನೋಡಿದರೆ ಆರು ಮೂಲೆಗಳ ತುದಿ ನುಣ್ಣಗೆ ಹೊಳೆಯುತ್ತಿದೆ, ಸಾಕೆಟ್ ಒಳಗೆ ಕಬ್ಬಿಣದ ತೆಳು ಸುರುಳಿ. ಅಲ್ಲೇ ನಿಲ್ಲಿಸಿ ಆರು ಮೂಲೆಯ ಸಾಕೆಟ್ ತಂದು, ಸುತ್ತಿಗೆಯಿಂದ ತಟ್ಟಿ ಕೂರಿಸಿ ತೆಗೆದೆ. ಮೂರನೇ ಸಲ ಎಳೆದಿದ್ದರೆ ತಲೆ ಪೂರ್ತಿ ಉರುಟಾಗುತ್ತಿತ್ತು.

ಒಂದೇ ನಿಯಮ. ಜಾರಿದರೆ ನಿಲ್ಲಿಸಿ.

ಗಾಲಿಗೆಳತಿ:
ಅಂಥ ಬೋಲ್ಟಿಗೆ ಬ್ರೇಕರ್ ಬಾರ್ ಬೇಕು. ರಾಚೆಟ್‌ಗೆ ಪೈಪ್ ತೂರಿಸಿ ಎಳೆದರೆ ಒಳಗಿನ ಹಲ್ಲು ಮುರಿಯುತ್ತದೆ. ಅರ್ಧ ಇಂಚಿನ ಬ್ರೇಕರ್ ಬಾರ್‌ನಲ್ಲಿ ಹಲ್ಲೇ ಇಲ್ಲ, ಸುಮ್ನೆ ಒಂದು ಗಟ್ಟಿ ಸಲಾಕೆ. ಬಿಗಿ ಬಿಚ್ಚುವುದಕ್ಕೆ ಅದು, ತಿರುಗಿಸಿ ತೆಗೆಯುವುದಕ್ಕೆ ರಾಚೆಟ್.

ಬೆಳ್ಳಿಮೋಡ:
ತುಕ್ಕಿಗೆ ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ ಹಾಕಿ ಬಿಡಿ. ಬೆಳಿಗ್ಗೆ ಇನ್ನೊಮ್ಮೆ. ಬೋಲ್ಟ್ ತಲೆಗೆ ಸುತ್ತಿಗೆಯಿಂದ ನಾಲ್ಕು ಏಟು, ಎಣ್ಣೆ ಒಳಗೆ ಇಳಿಯಲಿ ಅಂತ. ಬಹಳ ಜನ ಡಬ್ಲ್ಯುಡಿ-40 ಒಂದನ್ನೇ ಎಲ್ಲದಕ್ಕೂ ಹೊಡೆಯುತ್ತಾರೆ. ಅದರ ಹೆಸರಿನಲ್ಲೇ ಇದೆ, ಡಬ್ಲ್ಯುಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ನೀರನ್ನು ಹೊರಗೆ ತಳ್ಳುವುದು, 40 ಅಂದರೆ ನಲವತ್ತನೇ ಪ್ರಯತ್ನದಲ್ಲಿ ಸರಿಯಾದ ಮಿಶ್ರಣ. 1953ರದ್ದು. ತೇವ ತೆಗೆಯಲು ಒಳ್ಳೆಯದು. ಜಾಮ್ ಆದ ಬೋಲ್ಟಿಗೆ ಅದಕ್ಕೆಂದೇ ಮಾಡಿದ ಎಣ್ಣೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ.

ಹೊಸಕೈ:
ಇಷ್ಟೊಂದು ಉತ್ತರ! ಎಲ್ಲ ಬರೆದುಕೊಳ್ಳುತ್ತಿದ್ದೇನೆ. ಸ್ಟ್ಯಾಂಡ್ ಮತ್ತು ಟ್ರಾಲಿ ಜಾಕ್ ಪಟ್ಟಿಯ ಮೇಲಕ್ಕೆ ಹೋಯಿತು. ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್ ನಿಜಕ್ಕೂ ಬೇಕಾ? ನಮ್ಮ ಪರಿಚಯದ ಮೆಕ್ಯಾನಿಕ್ ಒಬ್ಬರು ಅದನ್ನು ಮುಟ್ಟಿದ್ದನ್ನೇ ನಾನು ನೋಡಿಲ್ಲ.

ತಂತಿಬೇಲಿ:
ಬೇಡ. ಕೈಗೆ ಗೊತ್ತಾಗುತ್ತದೆ.

ಬಿಗಿತಿರುಪು:
ಯಾರ ಕೈಗೆ? ದಿನಕ್ಕೆ ಹತ್ತು ಕಾರು ನೋಡುವವರ ಕೈಗೆ ಗೊತ್ತಾಗುತ್ತದೆ. ವರ್ಷಕ್ಕೆ ಎರಡು ಸಲ ಸ್ಪ್ಯಾನರ್ ಹಿಡಿಯುವವರಿಗೆ ಹೇಗೆ ಗೊತ್ತಾಗಬೇಕು?

ಲೆಕ್ಕ ಸುಲಭ. ಅರ್ಧ ಮೀಟರ್ ಉದ್ದದ ಹಿಡಿಕೆಯ ತುದಿಗೆ 20 ಕಿಲೋ ಭಾರ ಹಾಕಿದರೆ ಸುಮಾರು 100 ನ್ಯೂಟನ್ ಮೀಟರ್. ಬಹಳ ಸಣ್ಣ ಕಾರುಗಳ ಗಾಲಿ ನಟ್ಟಿಗೆ ಬೇಕಾದದ್ದು ಅಷ್ಟೇ, 100ರಿಂದ 120ರ ಆಸುಪಾಸು. ಅದೇ ಹಿಡಿಕೆಯ ಮೇಲೆ 60 ಕಿಲೋ ಮನುಷ್ಯ ಹತ್ತಿ ನಿಂತರೆ ಸುಮಾರು 300. ಮೂರು ಪಟ್ಟು! ಹಾಗೆ ಬಿಗಿದ ನಟ್ಟನ್ನು ರಾತ್ರಿ ರಸ್ತೆ ಬದಿಯಲ್ಲಿ ಟೈರ್ ಪಂಕ್ಚರ್ ಆದಾಗ ಯಾರು ಬಿಚ್ಚುತ್ತಾರೆ? ಸ್ಟಡ್ ಹಿಗ್ಗುತ್ತದೆ, ಕಿತ್ತೂ ಬರಬಹುದು.

ನನ್ನ ಹಳೇ ಕಾರಿನ ಆಯಿಲ್ ಪ್ಯಾನ್ ಅಲ್ಯೂಮಿನಿಯಂ. ಒಂದು ಕಡೆ ಸರ್ವಿಸ್ ಆದ ಮೇಲೆ ಡ್ರೇನ್ ಪ್ಲಗ್ (ಎಣ್ಣೆ ಬಸಿಯುವ ತಿರುಪು) ಬಿಚ್ಚಲು ಹೋದರೆ ಪ್ಲಗ್ಗಿನ ಜೊತೆ ಬೆಳ್ಳಗಿನ ಸ್ಪ್ರಿಂಗಿನಂಥದ್ದು ಸುತ್ತಿಕೊಂಡು ಬಂತು. ಅದು ಪ್ಯಾನಿನ ಥ್ರೆಡ್. ಅಷ್ಟು ಬಿಗಿದಿದ್ದರು. ಒಂದು ಪ್ಲಗ್ಗಿಗೋಸ್ಕರ ಇಡೀ ಪ್ಯಾನ್ ಬದಲಿಸಬೇಕಾಯಿತು. ಮ್ಯಾನ್ಯುಯಲ್‌ನಲ್ಲಿ ಅದಕ್ಕೆ ಬರೆದಿದ್ದು ಬರೀ 35.

ಗ್ಯಾರೇಜಣ್ಣ:
ನಾನು ಕೆಲಸವೇ ಇದು ಮಾಡುವವನು, ಇಪ್ಪತ್ತೆರಡು ವರ್ಷ ಆಯಿತು. ಇಬ್ಬರೂ ಹೇಳಿದ್ದರಲ್ಲಿ ನಿಜ ಇದೆ. ಏರ್ ಫಿಲ್ಟರ್ ಡಬ್ಬಿ, ಬಂಪರ್ ಕ್ಲಿಪ್, ಬ್ಯಾಟರಿ ಪಟ್ಟಿ, ಇವುಗಳಿಗೆ ನಾನೂ ಕೈ ಅಳತೆಯೇ. ಆದರೆ ಗಾಲಿ ನಟ್ಟು, ಸ್ಪಾರ್ಕ್ ಪ್ಲಗ್, ಡ್ರೇನ್ ಪ್ಲಗ್, ಕ್ಯಾಲಿಪರ್ ಬೋಲ್ಟ್, ಇಂಜಿನ್ ಹೆಡ್ ಇವಕ್ಕೆ ಟಾರ್ಕ್ ರೆಂಚ್ ಇಲ್ಲದೆ ನಮ್ಮ ಹುಡುಗರಿಗೆ ಕೈ ಹಾಕಲು ಬಿಡುವುದಿಲ್ಲ.

ಹೊಸಕೈ ಅವರೇ, ತಗೊಂಡರೆ ಇವಿಷ್ಟು ನೆನಪಿಡಿ. ಬಿಚ್ಚಲು ಅದನ್ನು ಬಳಸಬೇಡಿ. ಕೆಲಸ ಮುಗಿದ ಮೇಲೆ ಅಳತೆಯನ್ನು ಅದರ ಕನಿಷ್ಠ ಗುರುತಿಗೆ ಇಳಿಸಿ ಇಡಿ, ಒಳಗಿನ ಸ್ಪ್ರಿಂಗ್ ಒತ್ತಡದಲ್ಲೇ ಉಳಿಯಬಾರದು. ಕ್ಲಿಕ್ ಅಂದ ಕೂಡಲೇ ನಿಲ್ಲಿಸಿ. "ಇನ್ನೊಂದು ಸಲ ಕೇಳಿಸಲಿ" ಅಂತ ಮತ್ತೆ ಮತ್ತೆ ಕ್ಲಿಕ್ ಮಾಡಿದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಜಾಸ್ತಿ ಬಿಗಿಯುತ್ತೀರಿ. ಗಾಲಿ ನಟ್ಟಿನ ಥ್ರೆಡ್ಡಿಗೆ ಎಣ್ಣೆ ಗ್ರೀಸ್ ಹಚ್ಚಬೇಡಿ, ಜಾರಿಕೆ ಹೆಚ್ಚಾಗಿ ಅದೇ ಅಳತೆಗೆ ಜಾಸ್ತಿ ಬಿಗಿಯಾಗುತ್ತದೆ. ನಟ್ಟುಗಳನ್ನು ಸುತ್ತಲೂ ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿಯಿರಿ. ಐವತ್ತು ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ತಂತಿಬೇಲಿ:
ಗ್ಯಾರೇಜಣ್ಣ ಹೇಳಿದ ಮೇಲೆ ನನ್ನ ಮಾತು ಹಿಂದಕ್ಕೆ ತಗೊಂಡೆ. ಗಾಲಿ ನಟ್ಟಿಗೆ ನಾನೂ ಹತ್ತಿ ನಿಲ್ಲುತ್ತಿದ್ದೆ. ಇನ್ನು ಇಲ್ಲ.

ಮಿಂಚುಳ್ಳಿ:
ಎಲ್ಲರೂ ಸ್ಪ್ಯಾನರ್ ಸ್ಪ್ಯಾನರ್ ಅಂತಿದ್ದೀರಿ. ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಯಾಕೆ ಯಾರೂ ಹೇಳಲಿಲ್ಲ? ಕಾರು ಸ್ಟಾರ್ಟ್ ಆಗದೆ ನಿಲ್ಲುವುದು ಬಹಳ ಸಲ ಬ್ಯಾಟರಿಯಿಂದಲೇ. ಇಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಅಳೆಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಮ್ಮಿ ಖಾಲಿ. ಇಂಜಿನ್ ಓಡುವಾಗ 13.8ರಿಂದ 14.7ರ ಒಳಗೆ ತೋರಿಸಿದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ. ಎರಡು ನಿಮಿಷದಲ್ಲಿ ತಪ್ಪು ಯಾರದ್ದು ಅಂತ ಗೊತ್ತಾಗುತ್ತದೆ. ಹೊಸ ಕಾರುಗಳಲ್ಲಿ ಕೆಲವು ಚಾರ್ಜನ್ನು ತಾವೇ ಏರಿಸಿ ಇಳಿಸುತ್ತವೆ, ಅದು ಗಮನದಲ್ಲಿರಲಿ.

ನನ್ನ ಕಾರು ಮೂರು ದಿನ ನಿಂತರೆ ನಾಲ್ಕನೇ ದಿನ ಸತ್ತಿರುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿದೆ. ಅದೂ ಹಾಗೇ. ಆಮೇಲೆ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ಜಾಗಕ್ಕೆ ಹಾಕಿ ಸೇರಿಸಿದೆ. ಕಾರಿನ ಕಂಪ್ಯೂಟರ್‌ಗಳು ಮಲಗಲು ಅರ್ಧ ಗಂಟೆ ಕಾದೆ. ಆಗಲೂ 420 ಮಿಲಿಆಂಪಿಯರ್ ತೋರಿಸುತ್ತಿತ್ತು. ಸಾಮಾನ್ಯವಾಗಿ 50ರ ಒಳಗೆ ಇರಬೇಕು. ಫ್ಯೂಸ್‌ಗಳನ್ನು ಒಂದೊಂದೇ ತೆಗೆಯುತ್ತಾ ಹೋದೆ. ಒಳಗಿನ ದೀಪಗಳ ಫ್ಯೂಸ್ ತೆಗೆದ ಕೂಡಲೇ 30ಕ್ಕೆ ಇಳಿಯಿತು. ರಾತ್ರಿ ಹಿಂದಿನ ಸೀಟು ಮಡಚಿ ಡಿಕ್ಕಿಯ ಕಡೆ ನೋಡಿದರೆ, ಬಾಗಿಲು ಮುಚ್ಚಿದ್ದರೂ ಒಳಗೆ 5 ವ್ಯಾಟಿನ ಬಲ್ಬು ಹಾಯಾಗಿ ಉರಿಯುತ್ತಿದೆ. ಡಿಕ್ಕಿ ಬಾಗಿಲಿನ ಸ್ವಿಚ್ ಸಿಕ್ಕಿಹಾಕಿಕೊಂಡಿತ್ತು. ಅಷ್ಟೇ.

ಮೀಟರ್ ಹೀಗೆ ನಡುವೆ ಇರುವಾಗ ಕಾರು ಸ್ಟಾರ್ಟ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಅಳೆದ ಮೇಲೆ ಕೆಂಪು ವೈರನ್ನು ವೋಲ್ಟ್ ಜಾಗಕ್ಕೆ ವಾಪಸ್ ಹಾಕಿ.

ಗಾಲಿಗೆಳತಿ:
ಬ್ಯಾಟರಿ ಮುಟ್ಟುವ ಮುಂಚೆ ಉಂಗುರ, ಕಬ್ಬಿಣದ ಪಟ್ಟಿಯ ಗಡಿಯಾರ ತೆಗೆದಿಡಿ. ಬಿಚ್ಚುವಾಗ ನೆಗೆಟಿವ್ ಮೊದಲು, ಸೇರಿಸುವಾಗ ನೆಗೆಟಿವ್ ಕೊನೆಗೆ. ಹೀಗೆ ಮಾಡಿದರೆ ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ.

ನೀಲಿಕಾರು:
ಮಿಂಚುಳ್ಳಿ ಅವರೇ, ಮೀಟರ್ ಜೊತೆ ಓಬಿಡಿ ಸ್ಕ್ಯಾನರ್ ಕೂಡ ಸೇರಿಸಿ, ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸಾಧನ ಅದು. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಅಮೆರಿಕದಲ್ಲಿ 1996ರಿಂದ, ಯೂರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಇದು ಕಡ್ಡಾಯ. ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಚಿಕ್ಕದೊಂದು ಸಾಕು. ಚೆಕ್ ಇಂಜಿನ್ ದೀಪ ಹತ್ತಿದಾಗ ಎದೆ ಧಸಕ್ ಅನ್ನುವುದು ಕಮ್ಮಿಯಾಗುತ್ತದೆ.

ಗ್ಯಾರೇಜಣ್ಣ:
ಕೋಡ್ ಬಂತು ಅಂತ ಸೀದಾ ಪಾರ್ಟ್ ತಂದು ಹಾಕಬೇಡಿ. ಕೋಡ್ ಹೇಳುವುದು ರೋಗದ ಲಕ್ಷಣ, ಕಾರಣ ಅಲ್ಲ. ಪಿ0171 ಅಂದರೆ ಇಂಧನಕ್ಕೆ ಹೋಲಿಸಿದರೆ ಗಾಳಿ ಜಾಸ್ತಿ ಅಂತ. ಅದನ್ನು ನೋಡಿ ಆಕ್ಸಿಜನ್ ಸೆನ್ಸರ್ ಬದಲಿಸಿಕೊಂಡು, ದೀಪ ಆರದೆ ನಮ್ಮಲ್ಲಿಗೆ ಬಂದವರಿದ್ದಾರೆ. ಬಾನೆಟ್ ಎತ್ತಿ ಕಿವಿ ಕೊಟ್ಟರೆ ಬುಸ್ ಅನ್ನುವ ಸದ್ದು. ಬೆರಳಿನಷ್ಟು ದಪ್ಪದ ವ್ಯಾಕ್ಯೂಮ್ ಪೈಪು ಬಗ್ಗುವ ಕಡೆ ಸೀಳಿತ್ತು. ಅಳತೆ ಮಾಡಿಸಿಕೊಳ್ಳದ ಗಾಳಿ ಅಲ್ಲಿಂದ ಒಳಗೆ ಹೋಗುತ್ತಿತ್ತು. ಸೆನ್ಸರ್ ಪಾಪ ಸರಿಯಾಗೇ ಹೇಳುತ್ತಿತ್ತು.

ಅಳಿಸುವ ಮುಂಚೆ ಕೋಡ್ ಬರೆದಿಟ್ಟುಕೊಳ್ಳಿ, ಅದರ ಜೊತೆ ಬರುವ ಫ್ರೀಜ್ ಫ್ರೇಮ್ ಕೂಡ. ಇಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ವೇಗದಲ್ಲಿದ್ದಿರಿ ಅನ್ನುವುದೆಲ್ಲ ಅದರಲ್ಲಿರುತ್ತದೆ. ಅಳಿಸಿ ತಂದರೆ ನಮಗೆ ಹುಡುಕಲು ಏನೂ ಉಳಿಯುವುದಿಲ್ಲ.

ಬೆಳ್ಳಿಮೋಡ:
ಸ್ವಲ್ಪ ಬೇರೆ ವಿಷಯ. ಸ್ಕ್ರೂಡ್ರೈವರ್ ಬಗ್ಗೆ. ಜಪಾನಿ ಕಾರುಗಳಲ್ಲಿ ಪ್ಲಸ್ ತಲೆಯ ಸ್ಕ್ರೂ ಹಾಳಾಗುವುದು ಯಾಕೆ ಗೊತ್ತಾ? ಅವು ಫಿಲಿಪ್ಸ್ ಅಲ್ಲ, ಜೆಐಎಸ್ ಅಂತ ಬೇರೆ ಅಳತೆ. ನೋಡಲು ಒಂದೇ ಥರ. ಕೆಲವದರ ತಲೆಯ ಮೇಲೆ ಸಣ್ಣ ಚುಕ್ಕೆ ಇರುತ್ತದೆ, ಅದೇ ಗುರುತು. ಫಿಲಿಪ್ಸ್ ಹಾಕಿದರೆ ಪೂರ್ತಿ ಕೂರುವುದಿಲ್ಲ, ಮೇಲೆದ್ದು ತಲೆ ಕೊರೆಯುತ್ತದೆ. ಬ್ರೇಕ್ ಡಿಸ್ಕ್ ಹಿಡಿದಿಡುವ ಸ್ಕ್ರೂ ಹೀಗೇ ಹಾಳಾಗಿ ನಾನು ಡ್ರಿಲ್ ಮಾಡಿ ತೆಗೆದಿದ್ದೆ. ಜೆಐಎಸ್ ತಗೊಂಡ ಮೇಲೆ ಒಂದೂ ಹಾಳಾಗಿಲ್ಲ.

ಸಂಜೆಪಯಣ:
ಇದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಸ್ಕ್ರೂಗಳನ್ನೇ ಬಯ್ಯುತ್ತಿದ್ದೆ.

ಹೊಸಕೈ:
ಬ್ರೇಕ್ ಪ್ಯಾಡ್ ಮೊದಲ ವರ್ಷವೇ ಮಾಡಬಹುದಾ?

ತಂತಿಬೇಲಿ:
ಧಾರಾಳವಾಗಿ. ಎರಡು ಬೋಲ್ಟ್, ಪ್ಯಾಡ್ ತೆಗಿ, ಪ್ಯಾಡ್ ಹಾಕು.

ಹಳೇಇಂಜಿನ್:
ನಾನು ಒಪ್ಪುವುದಿಲ್ಲ. ಆಯಿಲ್ ಬದಲಿಸುವಾಗ ತಪ್ಪಿದರೆ ನೆಲ ಹಾಳು, ಹೆಚ್ಚೆಂದರೆ ಇಂಜಿನ್ ಹಾಳು. ಬ್ರೇಕಿನಲ್ಲಿ ತಪ್ಪಿದರೆ ರಸ್ತೆಯಲ್ಲಿ ನಡೆದು ಹೋಗುವ ಯಾರೋ ಒಬ್ಬರು ಬೆಲೆ ಕೊಡುತ್ತಾರೆ. ಮೊದಲ ಸಲ ಗೊತ್ತಿರುವವರು ಪಕ್ಕದಲ್ಲಿ ನಿಂತಿರಲಿ. ಇದು ಹೆದರಿಸುವ ಮಾತಲ್ಲ.

ಗ್ಯಾರೇಜಣ್ಣ:
ಹಳೇಇಂಜಿನ್ ಮಾತಿಗೆ ನನ್ನ ಓಟು. ಕೆಲಸ ಕಷ್ಟದ್ದಲ್ಲ, ಆದರೆ ಹೊಸಬರು ಮರೆಯುವ ಕೆಲವು ವಿಷಯ ಇವೆ. ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ರಬ್ಬರ್ ಹೋಸಿಗೆ ನೇತುಬಿಡಬೇಡಿ, ಒಂದು ತಂತಿಯ ಕೊಕ್ಕೆಯಲ್ಲಿ ಸ್ಪ್ರಿಂಗಿಗೆ ಕಟ್ಟಿ. ಪಿಸ್ಟನ್ ಒಳಗೆ ತಳ್ಳುವಾಗ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ, ಚೆಲ್ಲಿದರೆ ಪೇಂಟ್ ಎದ್ದು ಬರುತ್ತದೆ, ತಕ್ಷಣ ನೀರಿನಿಂದ ತೊಳೆಯಿರಿ. ಮುಂದಿನ ಪಿಸ್ಟನ್‌ಗೆ ಜಿ ಕ್ಲಾಂಪ್ ಸಾಕು. ಹಿಂದೆಯೂ ಡಿಸ್ಕ್ ಇದ್ದರೆ ಬಹಳ ಕಾರುಗಳಲ್ಲಿ ಪಿಸ್ಟನ್ನನ್ನು ತಿರುಗಿಸಿ ಒಳಗೆ ಕೂರಿಸಬೇಕು, ಅದಕ್ಕೆ ಬೇರೆ ಟೂಲ್. ಬಟನ್ ಒತ್ತುವ ಎಲೆಕ್ಟ್ರಿಕ್ ಹ್ಯಾಂಡ್ ಬ್ರೇಕ್ ಇದ್ದರೆ ಸರ್ವಿಸ್ ಮೋಡ್‌ಗೆ ಹಾಕದೆ ಮುಟ್ಟಲೇಬೇಡಿ, ಮೋಟರ್ ಹಾಳಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಕೆಲಸ ಮುಗಿದ ಮೇಲೆ ಕಾರು ಅಲುಗಿಸುವ ಮುಂಚೆ ಬ್ರೇಕ್ ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಿ. ಪಿಸ್ಟನ್ ಹಿಂದೆ ಹೋಗಿರುತ್ತದೆ, ಮೊದಲ ಎರಡು ಮೂರು ಸಲ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಇದನ್ನು ಮರೆತು ರಿವರ್ಸ್ ಹಾಕಿ ಗೋಡೆಗೆ ಹೋದ ಕಾರು ನಾನೇ ನೋಡಿದ್ದೇನೆ.

ಬಿಗಿತಿರುಪು:
ಬ್ರೇಕ್ ಆಯಿಲ್‌ನಲ್ಲಿ ಡಾಟ್ 3, 4, 5.1 ಒಂದೇ ಜಾತಿ, ಗ್ಲೈಕಾಲ್. ಡಾಟ್ 5 ಸಿಲಿಕಾನ್, ಅದನ್ನು ಇವುಗಳ ಜೊತೆ ಬೆರೆಸುವಂತಿಲ್ಲ. ಹೆಸರು ಹತ್ತಿರ ಇದೆ ಅಂತ ಮೋಸ ಹೋಗಬೇಡಿ. ತೆರೆದು ತಿಂಗಳುಗಟ್ಟಲೆ ಇಟ್ಟ ಬಾಟಲಿ ಕೂಡ ಬೇಡ. ಗಾಳಿಯ ತೇವ ಹೀರುತ್ತದೆ. ಡಾಟ್ 4ರ ಮಾನದಂಡದಲ್ಲಿ ಕುದಿಯುವ ಬಿಂದು ಹೊಸದಕ್ಕೆ ಕನಿಷ್ಠ 230 ಡಿಗ್ರಿ, ತೇವ ಕುಡಿದದ್ದಕ್ಕೆ 155.

ಅಂಚೆಹಕ್ಕಿ:
ನನ್ನದು ಎಲೆಕ್ಟ್ರಿಕ್ ಕಾರು. ನನಗೂ ಈ ಚರ್ಚೆಯಲ್ಲಿ ಏನಾದರೂ ಇದೆಯಾ?

ಮಿಂಚುಳ್ಳಿ:
ಖಂಡಿತ ಇದೆ. ಟೈರು, ವೈಪರ್, ಕ್ಯಾಬಿನ್ ಫಿಲ್ಟರ್, ಬ್ರೇಕ್, 12 ವೋಲ್ಟ್ ಬ್ಯಾಟರಿ ಎಲ್ಲ ನಿಮಗೂ ಇವೆ. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿ ಮಾತ್ರ ಕೈ ಹಿಂದಕ್ಕೆ. ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ. ಹೈಬ್ರಿಡ್‌ನಲ್ಲೂ ಅಷ್ಟೇ. ಜಾಕ್ ಕೊಡುವಾಗಲೂ ಜಾಗ ಸರಿಯಾಗಿ ನೋಡಿ, ಕೆಳಗೆ ಉದ್ದಕ್ಕೂ ಬ್ಯಾಟರಿ ಇದೆ.

ಗಾಲಿಗೆಳತಿ:
ಟೈರು ಅಂದಾಗ ನೆನಪಾಯಿತು. ಗಾಳಿ ಅಳೆಯುವ ಗೇಜ್ ಒಂದು ಎಲ್ಲರ ಹತ್ತಿರ ಇರಲೇಬೇಕು. ಟೈರ್ ತಣ್ಣಗಿರುವಾಗ ಅಳೆಯಬೇಕು. ತುಂಬಿಸಬೇಕಾದ ಗಾಳಿ ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿ ಇರುತ್ತದೆ. ಟೈರಿನ ಮೇಲೆ ಅಚ್ಚು ಹಾಕಿರುವುದು ಅದು ತಡೆಯುವ ಗರಿಷ್ಠ, ಅದನ್ನು ನೋಡಿ ತುಂಬಿಸಬೇಡಿ.

ಕರಿಮಸಿ:
ತಲೆಗೆ ಕಟ್ಟುವ ಟಾರ್ಚ್ ಮರೆಯಬೇಡಿ. ಫೋನ್ ಟಾರ್ಚನ್ನು ಬಾಯಲ್ಲಿ ಕಚ್ಚಿ ಹಿಡಿದು ಕೆಲಸ ಮಾಡಿದವರಿಗೆ ಅದರ ಬೆಲೆ ಗೊತ್ತು. ಮಲಗಿ ಕೆಲಸ ಮಾಡುವಾಗ ಕನ್ನಡಕವೂ ಬೇಕು. ಮೇಲಿಂದ ಉದುರುವ ತುಕ್ಕು ಸೀದಾ ಕಣ್ಣಿಗೇ ಬರುತ್ತದೆ.

ನನ್ನ ಹತ್ತಿರ ಅಪ್ಪ ಬಳಸುತ್ತಿದ್ದ 12-13ರ ರಿಂಗ್ ಸ್ಪ್ಯಾನರ್ ಇದೆ. ಹಿಡಿಯುವ ಜಾಗದಲ್ಲಿ ಅಚ್ಚಾದ ಅಕ್ಷರಗಳು ಸವೆದು ಹೋಗಿವೆ, ಹೆಬ್ಬೆರಳು ಕೂರುವಷ್ಟು ಜಾಗ ನುಣುಪಾಗಿದೆ. ನನ್ನ ಹೆಬ್ಬೆರಳೂ ಅಲ್ಲೇ ಕೂರುತ್ತದೆ. ಹೊಸ ಸೆಟ್ ಇದ್ದರೂ ಅದನ್ನೇ ಮೊದಲು ತೆಗೆಯುತ್ತೇನೆ.

ಅಂಚೆಹಕ್ಕಿ:
ಕರಿಮಸಿ ಅವರೇ, ಆ ಸ್ಪ್ಯಾನರ್ ಕಥೆ ಓದಿ ಮನಸ್ಸು ತುಂಬಿತು.

ಹೊಸಕೈ:
ಮೂರು ವಾರದ ನಂತರ ವಾಪಸ್ ಬಂದಿದ್ದೇನೆ. ದೊಡ್ಡ ಬಾಕ್ಸ್ ಬಿಟ್ಟೆ. ಟ್ರಾಲಿ ಜಾಕ್, ಎರಡು ಸ್ಟ್ಯಾಂಡ್, ಅಡ್ಡಗಟ್ಟೆ, ಆರು ಮೂಲೆಯ ಸಾಕೆಟ್ ಸೆಟ್, ಸ್ಪ್ಯಾನರ್ ಸೆಟ್, ಟಾರ್ಕ್ ರೆಂಚ್, ಟಾರ್ಚ್, ಕನ್ನಡಕ, ನೈಟ್ರೈಲ್ ಗ್ಲೌಸ್, ಎಣ್ಣೆ ಹಿಡಿಯುವ ಬೇಸಿನ್. ಮ್ಯಾನ್ಯುಯಲ್ ಕೂತು ಓದಿದೆ.

ನಿನ್ನೆ ಆಯಿಲ್ ಬದಲಿಸಿದೆ! ಇಂಜಿನ್ ಐದು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಜೋರಾಗಿ ಅಲುಗಾಡಿಸಿ ನೋಡಿದೆ. ಡ್ರೇನ್ ಪ್ಲಗ್ ಸುಲಭವಾಗಿ ಬಂತು. ಎಣ್ಣೆ ಮೊದಲು ಬೇಸಿನ್ನಿನ ಆಚೆ ತುದಿಗೆ ಹಾರಿ, ಒತ್ತಡ ಇಳಿದ ಹಾಗೆ ಹತ್ತಿರ ಹತ್ತಿರ ಬಂತು, ಜೊತೆಜೊತೆಗೆ ಬೇಸಿನ್ ಸರಿಸುತ್ತಾ ಇದ್ದೆ. ಫಿಲ್ಟರ್ ಮಾತ್ರ ಮಿಸುಕಲಿಲ್ಲ. ಕೈ ಜಾರುತ್ತಿತ್ತು. ಪಟ್ಟಿಯ ಫಿಲ್ಟರ್ ರೆಂಚ್ ತಂದು ತೆಗೆದೆ. ಹಳೇ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿಕೊಂಡಿತ್ತು. ಬೆರಳಾಡಿಸಿ ನೋಡಿದ್ದರಿಂದ ಗೊತ್ತಾಯಿತು, ಕಿತ್ತು ತೆಗೆದು ಒರೆಸಿದೆ. ಹೊಸ ಫಿಲ್ಟರಿನ ರಿಂಗಿಗೆ ಎಣ್ಣೆ ಸವರಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಕೈಯಲ್ಲೇ ಬಿಗಿದೆ. ಪ್ಲಗ್ 35ಕ್ಕೆ, ನನ್ನ ಮ್ಯಾನ್ಯುಯಲ್‌ನಲ್ಲೂ ಅಷ್ಟೇ ಇತ್ತು.

ಇವತ್ತು ಬೆಳಿಗ್ಗೆ ಪ್ಲಗ್ ಸುತ್ತ ಸ್ವಲ್ಪ ತೇವ ಇದೆ. ಹನಿ ಬಿದ್ದಿಲ್ಲ. ಇನ್ನೂ ಬಿಗಿಯಬೇಕಾ?

ಗಾಲಿಗೆಳತಿ:
ಆ ಹಳೇ ರಿಂಗ್ ನೋಡಿ ತೆಗೆದಿರಲ್ಲ, ಭೇಷ್! ಅದರ ಮೇಲೆಯೇ ಹೊಸದು ಕೂತರೆ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷದಲ್ಲಿ ಎಣ್ಣೆಯೆಲ್ಲ ರಸ್ತೆಗೆ.

ಗ್ಯಾರೇಜಣ್ಣ:
ಬಿಗಿಯಬೇಡಿ. ಪ್ಲಗ್ಗಿನ ವಾಷರ್ ಹೊಸದು ಹಾಕಿದಿರಾ?

ಹೊಸಕೈ:
ಇಲ್ಲ. ಹಳೆಯದೇ ಹಾಕಿದೆ. ಅಲ್ಯೂಮಿನಿಯಂ ರಿಂಗ್, ಒಂದು ಬದಿ ಸ್ವಲ್ಪ ಚಪ್ಪಟೆಯಾಗಿದೆ.

ಗ್ಯಾರೇಜಣ್ಣ:
ಹಾಗಾದರೆ ಮೊದಲು ಸುತ್ತ ಎಲ್ಲ ಬಟ್ಟೆಯಿಂದ ಒರೆಸಿ ಒಣಗಿಸಿ. ತೆಗೆಯುವಾಗ ಹರಡಿದ ಎಣ್ಣೆ ಈಗ ಇಳಿದು ಬಂದಿರಲೂಬಹುದು. ಒಂದು ದಿನ ಓಡಿಸಿ, ಪ್ಲಗ್ ಸುತ್ತ ಬಿಳಿ ಕಾಗದ ಒತ್ತಿ ನೋಡಿ. ಮತ್ತೆ ತೇವ ಕಂಡರೆ ವಾಷರ್ ಸೋರುತ್ತಿದೆ. ಆ ರಿಂಗ್ ಒಂದು ಸಲ ನಜ್ಜಿ ಕೂರಲೆಂದೇ ಮಾಡಿದ್ದು, ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಬಿಗಿದರೆ ಥ್ರೆಡ್ ಹೋಗುತ್ತದೆ, ಸೋರುವುದು ನಿಲ್ಲುವುದಿಲ್ಲ. ಅಲ್ಲಿಯ ತನಕ ದಿನಾ ಡಿಪ್‌ಸ್ಟಿಕ್ ನೋಡಿ. ಮುಂದಿನ ಸಲ ಫಿಲ್ಟರ್ ಜೊತೆಗೆ ಒಂದು ವಾಷರ್ ಕೂಡ ತಂದಿಡಿ.

ನೀಲಿಕಾರು:
ಹಳೇ ಎಣ್ಣೆ ಏನು ಮಾಡಿದಿರಿ? ಚರಂಡಿಗೆ, ಮಣ್ಣಿಗೆ ಬೇಡ ದಯವಿಟ್ಟು. ಹೊಸ ಎಣ್ಣೆ ಬಂದ ಕ್ಯಾನಿಗೇ ತುಂಬಿಸಿ, ಬಳಸಿದ ಎಣ್ಣೆ ತಗೊಳ್ಳುವ ಕಡೆ ಕೊಡಿ. ನೀರು, ಕೂಲಂಟ್ ಬೆರೆಸಬೇಡಿ, ಬೆರೆತರೆ ಅವರು ತಗೊಳ್ಳುವುದಿಲ್ಲ. ಫಿಲ್ಟರನ್ನೂ ಒಂದು ರಾತ್ರಿ ಬೋರಲು ಹಾಕಿ ಬಸಿಯಿರಿ.

ಹೊಸಕೈ:
ಎಣ್ಣೆ ಕ್ಯಾನಿನಲ್ಲಿ ತುಂಬಿಸಿಟ್ಟಿದ್ದೇನೆ, ಫಿಲ್ಟರ್ ಬೋರಲು ಬಿದ್ದಿದೆ. ಸಂಜೆ ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದೆ. ಒರೆಸಿದ ಮೇಲೆ ಕಾಗದ ಒತ್ತಿ ನೋಡಿದೆ. ಒಣಗಿದೆ. ನಾಳೆ ಬೆಳಿಗ್ಗೆ ಇನ್ನೊಮ್ಮೆ ನೋಡಿ ಹೇಳುತ್ತೇನೆ.